ತಿದ್ದೋಲೆಗೆ ನಂಬರು ಕೊಡದವರು

ಕಳೆದ ತಿಂಗಳು ಅವರು ತೀರಿಕೊಂಡಾಗ ನಮ್ಮ ಆಫೀಸಿನ ಸಿಬ್ಬಂದಿ ವಿಭಾಗದವರು ಒಂದು ಸಂತಾಪ ಪತ್ರ ಬರೆದು ಎಲ್ಲರಿಗೂ ಇ-ಮೇಲ್ ಮಾಡಿದರು. ಅರ್ಧ ಪುಟದ ಪತ್ರ. ‘ತುಂಬಲಾರದ ನಷ್ಟ’ ಇತ್ತು, ‘ಸರಳ ಸಜ್ಜನಿಕೆ’ ಇತ್ತು, ಬಲ ಮೂಲೆಯಲ್ಲಿ ನಂಬರು ಮಾತ್ರ ಇರಲಿಲ್ಲ. ಅವರು ಬದುಕಿದ್ದರೆ ಆ ಪತ್ರವನ್ನು ಹಿಂದಕ್ಕೆ ಕಳಿಸಿ, ನಂಬರು ಬರುವ ತನಕ ತಮ್ಮ ಸಾವನ್ನು ಅಧಿಕೃತವೆಂದು ಒಪ್ಪಲಾಗದು ಎಂದು ಷರಾ ಬರೆಯುತ್ತಿದ್ದರು.

ಅವರ ಹೆಸರು ಹೇಳುವುದಿಲ್ಲ. ಸಂಸ್ಥೆಯ ಹೆಸರನ್ನಂತೂ ಹೇಳುವುದೇ ಇಲ್ಲ, ನಾನಿನ್ನೂ ಅಲ್ಲೇ ಅನ್ನ ತಿನ್ನುತ್ತಿದ್ದೇನೆ. ಹತ್ತಾರು ದೇಶಗಳು ಸೇರಿಕೊಂಡು, ಕುಡಿಯುವ ನೀರನ್ನು ಹೇಗೆ ಪರೀಕ್ಷಿಸಬೇಕು ಎಂಬುದರ ಬಗ್ಗೆ ವರ್ಷಕ್ಕೊಮ್ಮೆ ಹೈದರಾಬಾದಿನಲ್ಲಿ ಸಭೆ ನಡೆಸಿ ಒಮ್ಮತಕ್ಕೆ ಬರುವ ಸಂಸ್ಥೆ ಎಂದರೆ ಸಾಕು. ಒಮ್ಮತ ಅಷ್ಟು ಸುಲಭವಾಗಿ ಹರಿಯುವುದಿಲ್ಲವಾದ್ದರಿಂದ ನಮ್ಮಲ್ಲಿ ಕಾಗದ ಹರಿಯುತ್ತದೆ. ಆ ಕಾಗದಗಳಿಗೆಲ್ಲ ನಂಬರು ಕೊಡುವ ಕೋಣೆಗೆ ಅವರು ಮುಖ್ಯಸ್ಥರು. ಕೋಣೆಯ ಇನ್ನೊಬ್ಬ ಸಿಬ್ಬಂದಿ ನಾನು. ಅವರು ಆಳಂದದ ಕಡೆಯವರು, ನನ್ನದು ಬೀದರಿನಿಂದ ಬಂದು ಲಿಂಗಂಪಲ್ಲಿಯಲ್ಲಿ ನೆಲೆನಿಂತ ಮನೆತನ. ಹೊರಗೆ ತೆಲುಗು, ಹಿಂದಿ, ಇಂಗ್ಲಿಷು ಏನೇ ಇರಲಿ, ಬಾಗಿಲು ಹಾಕಿಕೊಂಡರೆ ನಾವಿಬ್ಬರೂ ಕನ್ನಡ ಮಾತಾಡುತ್ತಿದ್ದೆವು. ಮೇಲಧಿಕಾರಿಗಳನ್ನು ಬಯ್ಯಲು ಇದಕ್ಕಿಂತ ಸುರಕ್ಷಿತವಾದ ಭಾಷೆ ಆ ಕಟ್ಟಡದಲ್ಲಿ ಇರಲಿಲ್ಲ.

ಮೊದಲ ದಿನ ಅವರು ನನ್ನ ಮುಂದೆ ಒಂದು ವರದಿ ಇಟ್ಟು ಕೇಳಿದರು: “ಇದರ ಹೆಸರು ಏನ್ ತಂಗಿ?”

ನಾನು ದೊಡ್ಡ ಅಕ್ಷರದಲ್ಲಿದ್ದ ತಲೆಬರಹವನ್ನು ಓದಿದೆ.

“ಅದು ಹೆಸರಲ್ಲ, ಅದು ಬರೀ ಅಲಂಕಾರ. ಹೆಸರು ಮ್ಯಾಲ ಬಲಕ್ಕ ಐತಿ ನೋಡು.”

ಬಲಕ್ಕೆ ಒಂದಿಷ್ಟು ಅಕ್ಷರ, ಅಂಕಿ, ಓರೆಗೆರೆಗಳಿದ್ದವು. ಯಾವ ಸಭೆಯ ಕಾಗದ ಎಂಬ ಗುರುತು, ಓರೆಗೆರೆ, ಎಷ್ಟನೆಯ ಅಧಿವೇಶನ, ಓರೆಗೆರೆ, ಆ ಅಧಿವೇಶನದಲ್ಲಿ ಎಷ್ಟನೆಯ ಕಾಗದ. ಕರಡಾಗಿದ್ದರೆ ನಡುವೆ ಒಂದು ಅಕ್ಷರ, ಬರೀ ಮಾಹಿತಿಗಾದರೆ ಇನ್ನೊಂದು. ಕೊನೆಗೆ ಬಾಲ ಬೇರೆ. ಹೇಳಲು ಮರೆತದ್ದನ್ನು ಆಮೇಲೆ ಸೇರಿಸಿದರೆ ಅನುಬಂಧ, ಅಚ್ಚಿನ ತಪ್ಪನ್ನು ಸರಿಪಡಿಸಿದರೆ ತಿದ್ದೋಲೆ, ವಿಷಯವನ್ನೇ ಬದಲಿಸಿದರೆ ಪರಿಷ್ಕೃತ ಪ್ರತಿ. ಎಲ್ಲರೂ ಇವುಗಳನ್ನು ಇಂಗ್ಲಿಷಿನಲ್ಲೇ ಹೇಳುತ್ತಿದ್ದರು. ‘ತಿದ್ದೋಲೆ’ ಎಂಬ ಮಾತನ್ನು ಕರ್ನಾಟಕದ ಸರ್ಕಾರಿ ಕಾಗದಗಳಿಂದ ಎತ್ತಿಕೊಂಡು ಬಂದವರು ಅವರೊಬ್ಬರೇ. ಈ ಮೂರು ಬಾಲಗಳ ವ್ಯತ್ಯಾಸ ಕಲಿಯಲು ನನಗೆ ಅರ್ಧ ದಿನ ಸಾಕಾಯಿತು. ಅವರು ಮೂವತ್ತು ವರ್ಷ ಅದರಲ್ಲೇ ಸಂಸಾರ ಮಾಡಿದ್ದರು.

ಒಮ್ಮೆ ಕೊಟ್ಟ ನಂಬರನ್ನು ಮತ್ತೆ ಯಾರಿಗೂ ಕೊಡಬಾರದು ಎಂಬುದು ಅವರ ಪಾಲಿನ ಮಡಿ. ಒಂದು ವರ್ಷ ಒಂಬತ್ತನೆಯ ಕಾಗದವನ್ನು ಅದನ್ನು ಬರೆದ ದೇಶವೇ ವಾಪಸು ತೆಗೆದುಕೊಂಡಿತು. ಎಂಟಾದ ಮೇಲೆ ಹತ್ತು ಬಂತು. ಯಾವುದೋ ದೇಶದ ಪ್ರತಿನಿಧಿ, ಪಾಪ, ಒಂಬತ್ತರಲ್ಲಿ ತನ್ನ ದೇಶದ ವಿರುದ್ಧ ಏನೋ ಸಂಚಿದೆ ಎಂದುಕೊಂಡು ಎರಡು ದಿನ ಕಟ್ಟಡವೆಲ್ಲ ಅಲೆದ. ಆಗ ಇವರು ಒಂದು ಪುಟದ ಕಾಗದ ಹೊರಡಿಸಿದರು: ‘ಒಂಬತ್ತು ಎಂಬ ಸಂಖ್ಯೆಯ ಕಾಗದ ಇರುವುದಿಲ್ಲ.’ ಇಲ್ಲ ಎಂದು ಹೇಳುವ ಆ ಕಾಗದಕ್ಕೂ ನಂಬರು ಕೊಟ್ಟರು. ಹತ್ತನ್ನೇ ಒಂಬತ್ತು ಮಾಡಿದ್ದರೆ ಮುಗಿದುಹೋಗುತ್ತಿತ್ತಲ್ಲ ಎಂದು ನಾನು ಕೇಳಿದೆ. “ಸತ್ತಾವನ ಹೆಸರಿನ ಮ್ಯಾಲ ಇನ್ನೊಬ್ಬ ರೇಷನ್ ತಗೊಂಡಂಗ ಆಕ್ಕೈತಿ” ಎಂದರು. ಆ ದಿನ ಊಟದ ಹೊತ್ತಿನಲ್ಲಿ ನನ್ನ ಡಬ್ಬಿಯ ಶೇಂಗಾ ಚಟ್ನಿ ಬಡಿಸಲು ಹೋದರೆ, “ಇದು ನಿನ್ನೀದೋ ಪರಿಷ್ಕೃತೋ?” ಎಂದು ಕೇಳಿದರು. ತಮಾಷೆ ಮಾಡಿದರು ಎಂದುಕೊಂಡು ನಕ್ಕೆ. ಅವರು ಉತ್ತರಕ್ಕೆ ಕಾಯುತ್ತಿದ್ದರು.

ಮಗಳ ಮದುವೆಯಲ್ಲಿ ಅವರು ಮಾಡಿದ್ದನ್ನು ನಮ್ಮ ಆಫೀಸು ಇವತ್ತಿಗೂ ಮರೆತಿಲ್ಲ. ಲಗ್ನಪತ್ರಿಕೆಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ಅಚ್ಚು ಹಾಕಿಸಿದ್ದರು. ಕನ್ನಡದ್ದರಲ್ಲಿ ಮುಹೂರ್ತ ಒಂದು ಗಂಟೆ ಮೊದಲಿಗೆ ಬಿದ್ದುಬಿಟ್ಟಿತ್ತು. ಬೇರೆಯವರಾದರೆ ಫೋನ್ ಮಾಡುತ್ತಾರೆ, ಇಲ್ಲವೇ ಸುಮ್ಮನಿರುತ್ತಾರೆ, ಒಂದು ಗಂಟೆ ಮೊದಲು ಬಂದ ಬೀಗರು ಉಪ್ಪಿಟ್ಟು ತಿಂದು ಕೂಡುತ್ತಾರೆ. ಇವರು ತಿದ್ದೋಲೆ ಅಚ್ಚು ಹಾಕಿಸಿದರು. ‘ಎರಡನೆಯ ಪುಟ, ಮೂರನೆಯ ಸಾಲು: ಹತ್ತು ನಲವತ್ತು ಎಂಬುದರ ಬದಲು ಹನ್ನೊಂದು ನಲವತ್ತು ಎಂದು ಓದಿಕೊಳ್ಳತಕ್ಕದ್ದು. ಈ ತಿದ್ದೋಲೆ ಕನ್ನಡ ಪ್ರತಿಗೆ ಮಾತ್ರ ಅನ್ವಯ.’ ಆ ಕೊನೆಯ ಸಾಲು ನಮ್ಮ ಸಂಸ್ಥೆಯ ನಿಯಮ. ಯಾವ ಭಾಷೆಯಲ್ಲಿ ತಪ್ಪಿದೆಯೋ ಆ ಭಾಷೆಗಷ್ಟೇ ತಿದ್ದುಪಡಿ. ಅದರಿಂದಾಗಿ ಕನ್ನಡದವರಿಗೆ ಒಂದು, ತೆಲುಗಿನವರಿಗೆ ಒಂದು, ಹೀಗೆ ಎರಡು ಮುಹೂರ್ತವಿದೆಯೆಂದು ಮಿಯಾಪುರದ ಅವರ ಅಪಾರ್ಟ್‌ಮೆಂಟಿನಲ್ಲಿ ಸುದ್ದಿ ಹರಡಿ, ಗಂಡಿನ ಕಡೆಯವರು ಗಾಬರಿಯಿಂದ ಓಡಿಬಂದರು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಹೇಳಿದ್ದು ನೆನಪಿದೆ: “ನಾ ಇವರಿಗೆ ಹೇಳಿಬಿಟ್ಟೀನವಾ, ತಾಳಿ ಕಟ್ಟೂ ಹೊತ್ತಿನ್ಯಾಗ ನಂಬರು ಗಿಂಬರು ಅಂದ್ರ ನಾ ಎದ್ದು ಹೊಕ್ಕೀನಿ ಅಂತ.”

ಎಲ್ಲ ಕಂಪ್ಯೂಟರಿಗೆ ಬಂದ ಮೇಲೂ ಅವರ ಮೇಜಿನ ಮೇಲೆ ಒಂದು ಕಬ್ಬಿಣದ ನಂಬರು ಒತ್ತುವ ಯಂತ್ರವಿತ್ತು. ಒತ್ತಿದಾಗೆಲ್ಲ ಅದರ ಗಾಲಿ ತಿರುಗಿ ಮುಂದಿನ ಅಂಕಿ ಬರುತ್ತಿತ್ತು. ಅದು ಕೆಟ್ಟರೆ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಕೋಠಿಗೆ ಹೋಗಿ, ಪುಸ್ತಕದಂಗಡಿಗಳ ಹಿಂದಿನ ಸಂದಿಯಲ್ಲಿ ಕೂತ ಒಬ್ಬ ಮುದುಕರ ಹತ್ತಿರ ರಿಪೇರಿ ಮಾಡಿಸಿಕೊಂಡು ಬರುತ್ತಿದ್ದರು. ಜ್ವರ ಬಂದಾಗಲೂ ರಜೆ ಹಾಕಿದವರಲ್ಲ. ನಾನು ಇವೆಲ್ಲವನ್ನೂ ಕ್ಯಾಂಟೀನಿನಲ್ಲಿ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದೆ. ಜನ ನಗುತ್ತಿದ್ದರು. ಅವರ ಪುಣ್ಯದಿಂದ ನಾನು ಆಫೀಸಿನಲ್ಲಿ ಬಹಳ ಚೂಟಿ ಹೆಂಗಸು ಎನಿಸಿಕೊಂಡೆ.

ಕ್ಯಾಂಟೀನಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಹುಲಿಗೆಮ್ಮ. ಶಹಾಪುರದ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದು, ಆಮೇಲೆ ಗುತ್ತಿಗೆದಾರನ ಮೂಲಕ ನಮ್ಮ ಪ್ರಯೋಗಶಾಲೆಯಲ್ಲಿ ಬಾಟಲಿ ತೊಳೆಯಲು ಸೇರಿದವಳು. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ತಗಡಿನ ಮನೆಯಲ್ಲಿ ಇದ್ದಳು. ಅಂಥವರು ನಲವತ್ತು ಚಿಲ್ಲರೆ ಜನ ನಮ್ಮಲ್ಲಿದ್ದರು. ಇಪ್ಪತ್ತೆರಡು ದೇಶಗಳ ನೀರನ್ನು ಶುದ್ಧ ಮಾಡಲು ಹೊರಟ ಸಂಸ್ಥೆಗೆ ಅವರು ಸಿಬ್ಬಂದಿ ಅಲ್ಲ. ಹುಲಿಗೆಮ್ಮನ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತ್ತು. ಸೆರಗು ಮುಚ್ಚಿಕೊಂಡು ಓಡಾಡುತ್ತಿದ್ದಳು.

ಆ ವರ್ಷ ಸಿಬ್ಬಂದಿಯ ವೈದ್ಯಕೀಯ ನೆರವಿನ ಯೋಜನೆ ಸಭೆಯ ಮುಂದೆ ಬರುವುದಿತ್ತು. ಅದಕ್ಕೆ ಮೊದಲು ದೇಶಗಳ ಒಂದು ಸಣ್ಣ ಸಮಿತಿ ಕೂತು ಕಾಗದ ತಯಾರು ಮಾಡುತ್ತದೆ. ಸಮಿತಿಯಲ್ಲಿ ಯಾರೋ ಪುಣ್ಯಾತ್ಮರು ಗುತ್ತಿಗೆಯವರ ಗತಿಯೇನು ಎಂದು ಕೇಳಿದರು, ‘ಸಿಬ್ಬಂದಿ’ ಎಂಬುದರ ಮುಂದೆ ನಾಲ್ಕು ಶಬ್ದ ಸೇರಿತು: ‘ಮತ್ತು ಆವರಣದಲ್ಲಿ ದುಡಿಯುವ ಇತರರು’. ಸಮಿತಿ ಒಪ್ಪಿತು, ಎದ್ದು ಹೋಯಿತು. ಕಾಗದಕ್ಕೆ ನಂಬರು ಬಿದ್ದು ಎಲ್ಲ ದೇಶಗಳಿಗೂ ಹೋಯಿತು. ಆಡಳಿತದ ಉಪನಿರ್ದೇಶಕರಿಗೆ ಆ ನಾಲ್ಕು ಶಬ್ದ ಕಂಡದ್ದು ಆಮೇಲೆ.

ಉಪನಿರ್ದೇಶಕರು ನಮ್ಮ ಕೋಣೆಗೆ ತಾವೇ ಇಳಿದು ಬಂದರು. ಅದೇ ಒಂದು ಅಪಶಕುನ. ಕೈಯಲ್ಲಿ ಒಂದು ಸಾಲಿನ ತಿದ್ದೋಲೆ ಇತ್ತು. ಆ ನಾಲ್ಕು ಶಬ್ದಗಳನ್ನು ತೆಗೆದುಹಾಕಿ ಓದಿಕೊಳ್ಳತಕ್ಕದ್ದು ಎಂದು.

“ಅರೇ ಸಾಬ್, ಟೈಪಿಂಗ್ ಮಿಸ್ಟೇಕ್ ಸಮಝೋ. ಏಕ್ ನಂಬರ್ ದೇದೋ, ಬಸ್” ಎಂದರು.

ಇವರು ಕನ್ನಡಕ ತೆಗೆದು ಒರೆಸಿಕೊಂಡು, ತಮ್ಮ ದಖನಿ ಹಿಂದಿಯಲ್ಲಿ, ಟೈಪಿಂಗ್ ತಪ್ಪಾಗಿದ್ದರೆ ಟೈಪು ಮಾಡಿದವನನ್ನು ಕಳಿಸಿ, ಹೇಗೆ ತಪ್ಪಿತು ಅಂತ ಕೇಳುತ್ತೇನೆ ಎಂದರು. ಉಪನಿರ್ದೇಶಕರು ನಕ್ಕರು. ಇವರು ನಗಲಿಲ್ಲ. ಇದು ತಪ್ಪಲ್ಲ, ಸಮಿತಿ ಒಪ್ಪಿದ ಮಾತು, ಬದಲಿಸುವುದಾದರೆ ಪರಿಷ್ಕೃತ ಪ್ರತಿ ಮಾಡಿ ಮತ್ತೆ ಸಮಿತಿಗೆ ಹಾಕಬೇಕು ಎಂದರು. ಸಮಿತಿ ಮತ್ತೆ ಕೂಡುವುದು ಮುಂದಿನ ವರ್ಷ. ಅದು ಇಬ್ಬರಿಗೂ ಗೊತ್ತಿತ್ತು. ಉಪನಿರ್ದೇಶಕರು ಮೂರು ದಿನ ಬಂದರು. ಮೂರನೆಯ ದಿನ ಕುರ್ಚಿಯ ಹಿಂದೆ ನಿಂತು, ನಿವೃತ್ತಿಯ ನಂತರ ನಿಮಗೂ ಎರಡು ವರ್ಷದ ಸಲಹೆಗಾರಿಕೆ ಬೇಕಲ್ಲವೇ ಎಂದು ಮೆಲ್ಲಗೆ ವಿಚಾರಿಸಿದರು. ನಮ್ಮಲ್ಲಿ ನಿವೃತ್ತರಾದ ಎಲ್ಲರಿಗೂ, ನಿದ್ದೆ ಮಾಡಿಯೇ ನಿವೃತ್ತರಾದವರಿಗೂ, ಆ ಎರಡು ವರ್ಷ ಸಿಗುತ್ತದೆ. ಇವರು ಹೌದು, ಬೇಕು ಎಂದರು. ತಿದ್ದೋಲೆಯನ್ನು ಮಡಚಿ ಅವರ ಕೈಗೇ ಕೊಟ್ಟರು.

ಉಪನಿರ್ದೇಶಕರು ಹೋದ ಮೇಲೆ ನಾನು ಹೇಳಿದೆ: “ಸರ್, ಒಂದ್ ನಂಬರ್ ಅಲ್ಲೇನ್ರಿ? ಯಾಕ ಕೆಟ್ಟ ಅನಿಸ್ಕೊಳ್ತೀರಿ?”

“ತಪ್ಪಿದ್ರ ತಿದ್ದೋಲಿ ತಂಗಿ. ಮನಸು ತಿರುಗಿದ್ರ ಪರಿಷ್ಕೃತ. ಅವರ ಮನಸು ತಿರುಗೈತಿ, ನಮ್ಮ ಕಾಗದ ತಪ್ಪಿಲ್ಲ.”

ನಂಬರಿಲ್ಲದ ಕಾಗದ ಸಭೆಯ ಮೇಜಿಗೆ ಹೋಗುವಂತಿಲ್ಲ. ಹೋಗಲಿಲ್ಲ. ಯೋಜನೆ ಇದ್ದ ಹಾಗೆಯೇ ಪಾಸಾಯಿತು. ನಲವತ್ತು ಚಿಲ್ಲರೆ ಜನರಿಗೆ ಕಾರ್ಡು ಬಂತು. ಹುಲಿಗೆಮ್ಮ ಮೊದಲ ಸಲ ಒಂದು ಒಳ್ಳೆಯ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಮರುವರ್ಷ ಗಂಟಿನ ಆಪರೇಷನ್ ಆಯಿತು. ಎರಡು ಕಡೆ ಇದೆ, ಒಂದು ಕಡೆ ಈಗ, ಇನ್ನೊಂದು ಕಡೆ ಮುಂದಿನ ವರ್ಷ ಎಂದು ಡಾಕ್ಟರು ಹೇಳಿದರು. ಗುಣವಾಗಿ ಬಂದ ದಿನ ಅವಳು ಒಂದು ಪಾವು ಪೇಡೆ ತಗೊಂಡು ನಮ್ಮ ಕೋಣೆಗೆ ಬಂದಳು. ಯಾರೋ ಅವಳಿಗೆ ವಿಷಯ ಹೇಳಿದ್ದರು.

“ನಮ್ ಸಲುವಾಗಿ ಸಾಹೇಬರ ಕೂಡ ಜಗಳ ಮಾಡೀರಂತ್ರೀ ಯಪ್ಪಾ” ಎಂದು ಕಾಲಿಗೆ ಬೀಳಲು ಹೋದಳು.

ಅವರು ಕುರ್ಚಿ ಹಿಂದೆ ಸರಿಸಿ, “ನಿಮ್ ಸಲುವಾಗಿ ಏನೂ ಮಾಡಿಲ್ಲಬೇ. ನಂಬರಿನ ಸಲುವಾಗಿ ಮಾಡೀನಿ. ಪೇಡೆ ಆಕೀಗಿ ಕೊಡು” ಎಂದು ನನ್ನನ್ನು ತೋರಿಸಿದರು. ಹುಲಿಗೆಮ್ಮ ಅದನ್ನು ದೊಡ್ಡವರ ಸಂಕೋಚ ಎಂದುಕೊಂಡಳು. ನನಗೆ ಮಾತ್ರ ಅದು ಅಕ್ಷರಶಃ ನಿಜ ಎಂದು ಗೊತ್ತಿತ್ತು. ಅವರಿಗೆ ಆ ನಲವತ್ತು ಜನರಲ್ಲಿ ಇಬ್ಬರ ಹೆಸರೂ ಗೊತ್ತಿರಲಿಲ್ಲ. ನನಗೆ ಎಲ್ಲರ ಹೆಸರೂ, ಅವರ ಮಕ್ಕಳ ಹೆಸರೂ ಗೊತ್ತಿತ್ತು. ನಾನು ಜನರನ್ನು ಪ್ರೀತಿಸುವವಳು. ಪೇಡೆಯನ್ನು ನಾನೇ ತಿಂದೆ.

ಅವರು ನಿವೃತ್ತರಾದರು. ಎರಡು ವರ್ಷದ ಸಲಹೆಗಾರಿಕೆ ಬರಲಿಲ್ಲ. ಬೀಳ್ಕೊಡುಗೆಯ ದಿನ ಉಪನಿರ್ದೇಶಕರು ಅವರಿಗೆ ಶಾಲು ಹೊದಿಸಿ ‘ನಿಯಮದ ಮೂರ್ತಿ’ ಎಂದು ಹೊಗಳಿದರು. ಶಾಲಿಗೆ ಅಂಗಡಿಯ ಚೀಟಿ ಹಾಗೇ ಅಂಟಿಕೊಂಡಿತ್ತು. ಅವರು ಚೀಟಿಯ ಮೇಲಿದ್ದ ನಂಬರನ್ನು ಓದುತ್ತ ಕೂತಿದ್ದರು. ಅವರ ಕುರ್ಚಿ ನನಗೆ ಬಂತು, ಗುತ್ತಿಗೆಯ ಮೇಲೆ, ಒಂದೊಂದು ವರ್ಷಕ್ಕೆ.

ಯೋಜನೆ ಎರಡು ವರ್ಷಕ್ಕೊಮ್ಮೆ ಮತ್ತೆ ಮಂಜೂರಾಗಬೇಕು. ಸಮಿತಿ ಹಳೆಯ ಕಾಗದವನ್ನೇ ನಕಲು ಮಾಡಿ, ನಾಲ್ಕು ಶಬ್ದ ಸಮೇತ ಒಪ್ಪಿ, ಎದ್ದು ಹೋಯಿತು. ಉಪನಿರ್ದೇಶಕರು ಈ ಸಲ ಇಳಿದು ಬರಲಿಲ್ಲ. ಒಂದು ಸಾಲಿನ ತಿದ್ದೋಲೆಯನ್ನು ಲಕೋಟೆಯಲ್ಲಿ ಕಳಿಸಿದರು. ಆ ವಾರ ನನ್ನ ಗುತ್ತಿಗೆಯ ಕಾಗದ ಅವರ ಸಹಿಗೆ ಹೋಗಿತ್ತು. ಯಾರೂ ನನ್ನನ್ನು ಬೆದರಿಸಲಿಲ್ಲ. ಯಾರೂ ನನಗೆ ಆಸೆ ತೋರಿಸಲಿಲ್ಲ. ನಾನು ಚೂಟಿ ಹೆಂಗಸಾದ್ದರಿಂದ ಯಾರೂ ಏನೂ ಹೇಳಬೇಕಾಗಿ ಬರಲಿಲ್ಲ. ಚಹಾ ಆರುವ ಮೊದಲು ನಂಬರು ಕೊಟ್ಟೆ. ಮೂಲ ಕಾಗದದ ನಂಬರು, ಅದರ ಮುಂದೆ ತಿದ್ದೋಲೆ ಒಂದು. ಕೆಳಗೆ ಎಡ ಮೂಲೆಯಲ್ಲಿ, ನಂಬರು ಕೊಟ್ಟವರ ಗುರುತಿಗೆ, ನನ್ನ ಹೆಸರಿನ ಮೊದಲಕ್ಷರ. ಮರುದಿನ ನನ್ನ ಗುತ್ತಿಗೆ ಮುಂದುವರಿಯಿತು.

ನಮ್ಮ ಕಾಗದಗಳನ್ನೆಲ್ಲ ಜಾಲತಾಣದಲ್ಲಿ ಹಾಕುತ್ತೇವೆ. ಅವುಗಳನ್ನು ಪ್ರಪಂಚದಲ್ಲಿ ಒಬ್ಬರೇ ಓದುತ್ತಾರೆ, ಅವರು ಮಿಯಾಪುರದಲ್ಲಿ ಇರುತ್ತಾರೆ ಎಂಬುದು ನನಗೆ ಮರೆತುಹೋಗಿತ್ತು. ಅವರ ಹೆಂಡತಿಯ ಫೋನ್ ಬಂತು: “ಭಾನುವಾರ ಬಂದು ಹೋಗಬೇಕಂತ ನೋಡವಾ.” ಬಸ್ಸು ಇಳಿದು ಹೋದೆ. ಬಾಲ್ಕನಿಯಲ್ಲಿ ಕೂತಿದ್ದರು. ತುಂಬ ಸೊರಗಿದ್ದರು. ಬಯ್ಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಉತ್ತರವೂ ತಯಾರಿತ್ತು.

“ನಂಬರ್ ಸರೀ ಹಾಕೀ” ಎಂದರು.

“ಸರ್, ನನಗ ಬ್ಯಾರೆ ದಾರಿ ಇರಲಿಲ್ರಿ. ಮನ್ಯಾಗ ನಾ ಒಬ್ಬಾಕೀನ ದುಡಿಯಾಕಿ...”

“ಅದನ್ನ ನಾ ಕೇಳಾಕತ್ತಿಲ್ಲ” ಎಂದು, ಪಾಠ ಹೇಳುವ ದನಿಗೆ ತಿರುಗಿದರು: “ತಿದ್ದೋಲಿನೇ ತಪ್ಪಿದ್ರ ಅದಕ್ಕೂ ತಿದ್ದೋಲಿ ಹೊರಡಸಬಹುದು. ಎರಡನೇದು. ‘ಒಂದನೇದು ತಪ್ಪಾಗಿ ಹೊಂಟೈತಿ, ಇಲ್ಲ ಅಂತ ಓದ್ಕೋರಿ’ ಅಂತ ಒಂದ ಸಾಲು. ಅದಕ್ಕ ನಿನ್ನ ಸಹಿ ಸಾಕು, ಯಾರ್ನೂ ಕೇಳೂದು ಬ್ಯಾಡ. ಅಧಿವೇಶನಕ್ಕ ಇನ್ನಾ ಒಂಬತ್ತ ದಿನ ಐತಿ.”

ಒಂಬತ್ತು ದಿನವೂ ನಾನು ಬೆಳಿಗ್ಗೆ ಆಫೀಸಿಗೆ ಹೋಗಿ ಸಂಜೆ ಮನೆಗೆ ಬಂದೆ. ಒಂದು ದಿನ ಆ ಸಾಲನ್ನು ಟೈಪು ಕೂಡ ಮಾಡಿದೆ, ತಪ್ಪಿಲ್ಲದ ಸಾಲು. ನಂಬರು ಕೊಡಲಿಲ್ಲ. ಅಧಿವೇಶನದಲ್ಲಿ ಯೋಜನೆ ಚರ್ಚೆಯಿಲ್ಲದೆ ಪಾಸಾಯಿತು. ತಿದ್ದೋಲೆಯನ್ನು ಯಾರೂ ಓದುವುದಿಲ್ಲ, ಅದಕ್ಕಾಗಿಯೇ ಅವರು ಅದನ್ನು ಅಷ್ಟು ಕಾಯುತ್ತಿದ್ದರು ಎಂದು ನನಗೆ ಅರ್ಥವಾದದ್ದು ಆವತ್ತು.

ತಿಂಗಳೊಳಗೆ ಹುಲಿಗೆಮ್ಮ ಆಸ್ಪತ್ರೆಯ ಚೀಟಿ ಹಿಡಿದುಕೊಂಡು ಬಂದಳು. “ಅಕ್ಕಾರ, ಕಾರ್ಡು ನಡಿಯಂಗಿಲ್ಲ ಅಂದ್ರು. ಹೋದ ಸಲ ನಡದಿತ್ತಲ್ರಿ?”

ನಾನು ಅವಳ ಕೈ ಹಿಡಿದುಕೊಂಡೆ. ಈಗಲೂ ಅದನ್ನು ನೆನೆದರೆ ನನ್ನ ಕೈಯ ಮೇಲೆ ನನಗೇ ಹೇಸಿಗೆಯಾಗುತ್ತದೆ. “ನಾ ಭಾಳ ಬಡಿದಾಡಿದೆ ಹುಲಿಗೆಮ್ಮ. ಮ್ಯಾಲಿನವರು ಕೇಳಲಿಲ್ಲ” ಎಂದೆ.

ಅವಳು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತಳು. ಸರದಿ ಬರಲು ಎಂಟು ತಿಂಗಳಾಯಿತು. ಅಷ್ಟರಲ್ಲಿ ಗಂಟು ದನಿಯ ನರಕ್ಕೆ ಅಂಟಿಕೊಂಡಿತ್ತಂತೆ. ಜೀವ ಉಳಿಯಿತು, ದನಿ ಹೋಯಿತು. ಅವಳು ಮತ್ತೆ ಆಫೀಸಿಗೆ ಬರಲಿಲ್ಲ. ಪ್ರಯೋಗಶಾಲೆಯಲ್ಲಿ ಬಾಟಲಿ ತೊಳೆಯಲು ಬೇರೆಯವರು ಬಂದರು, ಕ್ಯಾಂಟೀನಿನಲ್ಲಿ ಗದ್ದಲ ಕಡಿಮೆಯಾಯಿತೆಂದು ಕೆಲವರು ನೆಮ್ಮದಿಪಟ್ಟರು.

ಅವರ ಮಣ್ಣಾದ ಮೂರನೆಯ ದಿನ ನಾನು ಮಿಯಾಪುರಕ್ಕೆ ಹೋದೆ. ಹಾಲ್‌ನಲ್ಲಿ ಚಾಪೆಯ ಮೇಲೆ ಅವರ ಹೆಂಡತಿ ಕೂತಿದ್ದರು. ಪಕ್ಕದಲ್ಲಿ ಹುಲಿಗೆಮ್ಮ ಕೂತಿದ್ದಳು. ಲಿಂಗಂಪಲ್ಲಿಯಿಂದ ಯಾರನ್ನೋ ಕೇಳಿಕೊಂಡು ಮನೆ ಹುಡುಕಿ ಬಂದಿದ್ದಳು. ನನ್ನನ್ನು ಕಂಡು ಎದ್ದು ನಿಲ್ಲಲು ಹೋದಳು. ನಾನು ಅವಳ ಪಕ್ಕ ಕೂತೆ. ಅವಳ ಮಾತು ಉಸಿರಿನಷ್ಟೇ ಇತ್ತು, ಕೇಳಲು ನಾವಿಬ್ಬರೂ ಬಗ್ಗಬೇಕಾಯಿತು.

“ಅವ್ವಾರ, ನನಗ ಮೊದಲ್ನೇ ಆಪ್ರೇಷನ್ ಆಗಿದ್ದು ಈ ಯಪ್ಪನಿಂದ” ಎಂದಳು. ಆಮೇಲೆ ನನ್ನ ಮೊಣಕಾಲ ಮೇಲೆ ಕೈಯಿಟ್ಟಳು. “ಎರಡನೇದಕ್ಕ ಈ ಅಕ್ಕಾರು ನನ್ ಸಲುವಾಗಿ ಭಾಳ ಬಡಿದಾಡಿದ್ರು. ಮ್ಯಾಲಿನವರು ಕೇಳಲಿಲ್ಲ. ಇಬ್ರೂ ನನಗ ದೇವರಿದ್ದಂಗ.”

ಅವರ ಹೆಂಡತಿ ನನ್ನನ್ನು ನೋಡಿದರು. ಬಾಲ್ಕನಿಯ ಆ ಭಾನುವಾರ ಅವರು ಬಾಗಿಲ ಹತ್ತಿರವೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಾನು ಏನಾದರೂ ಹೇಳುತ್ತೇನೇನೋ ಎಂದು ಕಾದರು. ಅಷ್ಟು ಸಮಯವನ್ನೂ ಕೊಟ್ಟರು.

ತಪ್ಪು ತಿದ್ದುವುದೇ ನನ್ನ ಕಸುಬು, ಅದಕ್ಕೇ ಸಂಬಳ. ನಾನು ಹುಲಿಗೆಮ್ಮನ ಕೈಯ ಮೇಲೆ ನನ್ನ ಕೈಯಿಟ್ಟು, ಹೌದೆಂಬಂತೆ ತಲೆ ಆಡಿಸಿದೆ.